ಒಂದೇ ಸಲ ಕೇಳುವ ಮನೆತನ

ಹ್ಯಾಕ್‌ವೆಲ್ ಮನೆತನದ ಮೂಲಪುರುಷ ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್ಲನ ದಂಡಿನ ಜೊತೆ ಐರ್ಲೆಂಡಿಗೆ ಬಂದಿಳಿದಾಗ ಅವನ ಕೈಯಲ್ಲಿ ಇದ್ದದ್ದು ಲಾಳ ಹೊಡೆಯುವ ಸುತ್ತಿಗೆ. ದಂಡಿನವರಿಗೆ ಸಂಬಳ ಕೊಡಲು ದುಡ್ಡಿಲ್ಲದೆ ಗೆದ್ದ ನೆಲವನ್ನೇ ಹಂಚಿದಾಗ ರಾಸ್‌ಕಾಮನ್ ಸೀಮೆಯ ನಾಕ್‌ಡರೀನ್ ಗುಡ್ಡ, ಅದರ ಸುತ್ತಲಿನ ಹಳ್ಳಿಗಳು, ಹುಲ್ಲುಗಾವಲು, ಒಂದು ಸಣ್ಣ ಕೆರೆ ಅವನ ಪಾಲಿಗೆ ಬಂದವು. ಅದುವರೆಗೆ ಆ ನೆಲ ಫ್ಯಾಲನ್ ಎಂಬ ಮನೆತನದ್ದಾಗಿತ್ತು. ಅವರನ್ನು ಯಾರೂ ಏನೂ ಕೇಳಲಿಲ್ಲ. ಒಂದು ವಾರದಲ್ಲಿ ಅವರು ಗುಡ್ಡದ ಮೇಲಿಂದ ಗುಡ್ಡದ ಕೆಳಗೆ ಬಂದರು, ಒಡೆಯರಿಂದ ಒಕ್ಕಲಾದರು.

ಮೊಮ್ಮಕ್ಕಳ ತಲೆಮಾರಿಗೆ ಸುತ್ತಿಗೆಯ ವಿಷಯ ನಾಚಿಕೆ ತಂದಿತು. ಡಬ್ಲಿನ್‌ನಿಂದ ಚಿತ್ರಕಾರನನ್ನು ಕರೆಸಿ, ಸತ್ತು ಎಷ್ಟೋ ಕಾಲವಾಗಿದ್ದ ಅಜ್ಜನ ಸೊಂಟಕ್ಕೆ ಕತ್ತಿ ಕಟ್ಟಿಸಿದರು, ಕುತ್ತಿಗೆಗೆ ಕಸೂತಿಯ ಲೇಸು ಸುತ್ತಿಸಿದರು. ಚಿತ್ರಕಾರ ಅಜ್ಜನನ್ನು ನೋಡಿರಲಿಲ್ಲವಾದ್ದರಿಂದ ಮೊಮ್ಮಗನನ್ನೇ ಕೂರಿಸಿಕೊಂಡು ಬರೆದ. ಆದರೆ ಮೊಮ್ಮಗನಿಗೂ ಅಜ್ಜನ ಹೆಬ್ಬೆರಳೇ ಬಂದಿತ್ತು. ಕತ್ತಿಯ ಹಿಡಿಯ ಮೇಲೆ ಕಮ್ಮಾರನ ಆ ದಪ್ಪ ಹೆಬ್ಬೆರಳು ಇವತ್ತಿಗೂ ಹಾಗೇ ಕೂತಿದೆ. ಮನೆಗೆ ಯಾರಾದರೂ ಬಂದರೆ ಮಿಸ್ ಹೆಸ್ಟರ್ ಮೊದಲು ತೋರಿಸುತ್ತಿದ್ದದ್ದು ಆ ಹೆಬ್ಬೆರಳನ್ನು, ಆಮೇಲೆ ತನ್ನದನ್ನು. ಎರಡರಲ್ಲಿ ವ್ಯತ್ಯಾಸವಿರಲಿಲ್ಲ.

ಹೆಸ್ಟರ್ ಹ್ಯಾಕ್‌ವೆಲ್ ಆ ಮನೆತನದ ಕೊನೆಯವಳು. ಅರವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಒಬ್ಬನೇ ತಮ್ಮ ಮೊದಲ ಮಹಾಯುದ್ಧದಲ್ಲಿ, ಶತ್ರುವನ್ನು ಕಣ್ಣಿಂದ ನೋಡುವ ಮೊದಲೇ, ಸ್ವಂತ ಕುದುರೆಯ ಒದೆ ತಿಂದು ಸತ್ತಿದ್ದ. ಲಾಳ ಹೊಡೆಯುವವನ ವಂಶ ಲಾಳದಿಂದಲೇ ಮುಗಿಯಿತು ಎಂದು ಹೆಸ್ಟರ್ ಹೇಳಿ ನಗುತ್ತಿದ್ದಳು. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ತಮ್ಮನನ್ನು ಅವಳು ತುಂಬ ಪ್ರೀತಿಸುತ್ತಿದ್ದಳು, ಆದ್ದರಿಂದ ಆ ಮಾತನ್ನು ಆಗಾಗ ಹೇಳುತ್ತಿದ್ದಳು.

ಮನೆಯ ಕಥೆ ಇನ್ನೊಂದು. ಗುಡ್ಡದ ತೆಂಕಣ ಇಳಿಜಾರು ಬಿಸಿಲಿಗೆ ಮೈಯೊಡ್ಡಿಕೊಂಡು ಖಾಲಿ ಬಿದ್ದಿದ್ದರೂ ಹ್ಯಾಕ್‌ವೆಲ್‌ಗಳು ಮನೆಯನ್ನು ಬಡಗಣಕ್ಕೆ ಮುಖ ಮಾಡಿ ಕಟ್ಟಿದರು. ಬಿಷಪ್ಪರ ಸಾರೋಟು ಹೋಗುವ ರಸ್ತೆ ಆ ಕಡೆಗಿತ್ತು. ಮನೆಯ ಹನ್ನೊಂದು ಕಿಟಕಿಗಳು ಅವರ ಕಣ್ಣಿಗೆ ಬೀಳಬೇಕೆಂಬ ಆಸೆ. ಬಿಷಪ್ಪರು ಆ ದಾರಿಯಲ್ಲಿ ಹೋದದ್ದು ಒಂದು ಸಲ, ಅದೂ ನಿದ್ದೆ ಮಾಡುತ್ತಾ. ಅಂದಿನಿಂದ ಆ ಮನೆಯ ದೊಡ್ಡ ಕೋಣೆಗಳೊಳಗೆ ಬಿಸಿಲು ಬಂದದ್ದಿಲ್ಲ. ಬಿಸಿಲೆಲ್ಲ ಹಿಂಭಾಗದ ಅಡುಗೆಮನೆಗೆ, ಆಳುಗಳ ಕೋಣೆಗಳಿಗೆ.

ಹೆಸ್ಟರಳ ಮುತ್ತಜ್ಜ, ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸತ್ತ ವರ್ಷಗಳಲ್ಲಿ, ಹಸಿದವರಿಗೆ ಕೆಲಸ ಕೊಡುತ್ತೇನೆಂದು ಒಂದು ಬೋಳು ಹೊಲದ ಸುತ್ತ ಆಳೆತ್ತರದ ಗೋಡೆ ಕಟ್ಟಿಸಿದ. ಒಳಗೆ ಕಾಯಬೇಕಾದ್ದು ಏನೂ ಇರಲಿಲ್ಲ. ಕಟ್ಟಿದವರಲ್ಲಿ ಕೆಲವರು ಕಟ್ಟುತ್ತಲೇ ಸತ್ತರು. ಎಲ್ಲದಕ್ಕೂ ಒಂದು ನಗೆಮಾತು ಇಟ್ಟುಕೊಂಡಿದ್ದ ಹೆಸ್ಟರಳ ಬಳಿ ಆ ಗೋಡೆಗೆ ಮಾತ್ರ ಯಾವ ಮಾತೂ ಇರಲಿಲ್ಲ. ಅದರ ಪಕ್ಕ ಹೋಗಬೇಕಾದಾಗ ಬೇಗ ಬೇಗ ನಡೆಯುತ್ತಿದ್ದಳು.

ಅಜ್ಜ ಬೇಟೆನಾಯಿಗಳನ್ನೂ ಕುದುರೆಗಳನ್ನೂ ಸಾಕಿ ಒಂದೊಂದೇ ಹಳ್ಳಿ ಕಳೆದ. ಅಪ್ಪನ ಕಾಲಕ್ಕೆ ಸರ್ಕಾರ ಒಕ್ಕಲುಗಳಿಗೇ ಭೂಮಿ ಕೊಡಿಸಿತು. ಇಂಗ್ಲಿಷರ ಆಳ್ವಿಕೆಯ ವಿರುದ್ಧ ಜನ ಎದ್ದ ಗಲಾಟೆಯ ವರ್ಷಗಳಲ್ಲಿ ಸುತ್ತಲಿನ ಒಡೆಯರ ದೊಡ್ಡ ಮನೆಗಳಿಗೆಲ್ಲ ಬೆಂಕಿ ಬಿತ್ತು. ಒಂದು ರಾತ್ರಿ ನಾಕ್‌ಡರೀನ್‌ಗೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಮೂವರು ಪೆಟ್ರೋಲು ಹಿಡಿದು ಬಂದರು. ಕಡ್ಡಿ ಗೀರಿದರು, ಪರದೆಗೆ ಹಚ್ಚಿದರು, ನೆಲಹಾಸಿಗೆ ಹಚ್ಚಿದರು. ಇನ್ನೂರು ವರ್ಷ ಬಿಸಿಲು ಕಾಣದ ಮನೆ ಪೆಟ್ರೋಲನ್ನೇ ಕುಡಿದು ಸುಮ್ಮನೆ ಹೊಗೆಯಾಡಿತು. ಬಂದವರು ಕೆಮ್ಮಿ ಕೆಮ್ಮಿ ಸಾಕಾಗಿ ಹೊರಟುಹೋದರು. ನೆಂಟರ ಮನೆಗಳೆಲ್ಲ ಸುಟ್ಟು, ಅವರೆಲ್ಲ ಹುತಾತ್ಮರ ಮುಖ ಹಾಕಿಕೊಂಡು ಚಹಾಕ್ಕೆ ಬಂದಾಗ ಹೆಸ್ಟರಳ ಅಮ್ಮನಿಗೆ ತಲೆ ಎತ್ತುವುದೇ ಕಷ್ಟವಾಗುತ್ತಿತ್ತು. ಸುಡುವಷ್ಟೂ ಯೋಗ್ಯತೆ ಇಲ್ಲದ ಮನೆ ಎಂದು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಈಗ ಉಳಿದದ್ದು ಮನೆ, ಗುಡ್ಡ, ಗುಡ್ಡದ ಹುಲ್ಲು. ಹುಲ್ಲನ್ನು ಕೆಳಗಿನ ಮ್ಯಾಲಕಿ ಫ್ಯಾಲನ್ ತನ್ನ ಹೋರಿಗಳಿಗೆ ಗುತ್ತಿಗೆ ಹಿಡಿದಿದ್ದ. ಹೌದು, ಅದೇ ಫ್ಯಾಲನ್‌ಗಳ ಕುಡಿ. ಅವನಿಗೂ ಹೆಸ್ಟರಳಷ್ಟೇ ವಯಸ್ಸು. ಹೆಂಡತಿ ತೀರಿಕೊಂಡಿದ್ದಳು, ಮಗ, ಸೊಸೆ ಫಿಲೊಮಿನಾ, ಮೊಮ್ಮಕ್ಕಳು ಎಲ್ಲ ಮೂರು ಕೋಣೆಯ ಮನೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಇದ್ದರು. ಹೆಸ್ಟರ್ ಇಪ್ಪತ್ತು ಕೋಣೆಗಳ ಮನೆಯಲ್ಲಿ, ಬಿಸಿಲು ಬರುವ ಅಡುಗೆಮನೆಯೊಂದನ್ನೇ ಬಳಸುತ್ತಾ, ಛಾವಣಿ ಎಂದು ತಲೆಯ ಮೇಲೆ ಬೀಳುವುದೋ ಎಂದು ಕಾಯುತ್ತಾ ಇದ್ದಳು.

ಛಾವಣಿ ರಿಪೇರಿ ಅವಳ ಕೈಮೀರಿದ ಮಾತು. ಊರ ಕಡೆಯಿಂದ ಪ್ರಂಟಿ ಎಂಬ ಮರದ ವ್ಯಾಪಾರಿ ಬಂದು ನೋಡಿಹೋಗಿದ್ದ. ಸಾಲುಮರಗಳನ್ನು ಕಡಿದು, ಛಾವಣಿಯ ಸೀಸದ ತಗಡು ಕಿತ್ತು ಮಾರಿ, ಬೋಳು ಗೋಡೆ ಬಿಟ್ಟುಹೋಗುವುದು ಅವನ ಲೆಕ್ಕ. ಛಾವಣಿ ಇಲ್ಲದ ಮನೆಗೆ ಕಂದಾಯವೂ ಇಲ್ಲ. ಆಗ ಹೆಸ್ಟರ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿದ್ದ ಮ್ಯೂರಿಯಲ್ ಎಂಬ ಸೋದರಿಕೆಯ ಅಕ್ಕನ ಮನೆಗೆ ಹೋಗಬೇಕಾಗುತ್ತಿತ್ತು. ಮ್ಯೂರಿಯಲ್ ಹತ್ತಿರ ಒಂದು ಗಿಳಿ ಇತ್ತು. ಗಿಳಿಗಿಂತ ಮ್ಯೂರಿಯಲ್ ಹೆಚ್ಚು ಮಾತಾಡುತ್ತಿದ್ದಳು.

ಹೆಸ್ಟರಳಿಗೆ ಎರಡೇ ಆಸೆ. ಮನೆಯ ಚಿಮಣಿಯಲ್ಲಿ ಹೊಗೆ ಆಡುತ್ತಿರಬೇಕು, ತಾನು ಅದನ್ನು ನೋಡಿಕೊಂಡು ಇಲ್ಲೇ ಸಾಯಬೇಕು. ಎರಡನೆಯದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಹುಲ್ಲುಗಾವಲಿನ ಗೇಟಿನ ಬಳಿ ಹೋದಳು. ಮ್ಯಾಲಕಿ ಗೇಟಿನ ಮೇಲೆ ಮೊಣಕೈ ಊರಿ ಹೋರಿಗಳನ್ನು ನೋಡುತ್ತಿದ್ದ. ಅಲ್ಲಿಯ ಜನ ಇಂಥ ಕಡೆ ಮೊದಲು ಹವೆಯ ಮಾತಾಡುತ್ತಾರೆ, ಆಮೇಲೆ ದನದ್ದು, ಆಮೇಲೆ ಊರಲ್ಲಿ ಯಾರು ಸತ್ತರು ಎಂಬುದು, ಎಲ್ಲ ಮುಗಿದು ಹೊರಡುವಾಗ ಬಂದ ಕೆಲಸ. ಹ್ಯಾಕ್‌ವೆಲ್‌ಗಳಿಗೆ ಅಷ್ಟು ತಾಳ್ಮೆ ಎಂದೂ ಇರಲಿಲ್ಲ.

"ಮ್ಯಾಲಕಿ, ಮನೆ, ಗುಡ್ಡ ಎಲ್ಲಾ ಮಾರ್ತಿದೀನಿ. ಪ್ರಂಟಿ ಕೇಳ್ತಿದಾನೆ. ಅವನಿಗಿಂತ ಕಡಿಮೆಗೆ ನಿನಗೆ ಕೊಡ್ತೀನಿ. ತಗೊಳ್ತೀಯಾ?"

ಮ್ಯಾಲಕಿಯ ಕಿವಿ ಕೆಂಪಾಯಿತು. ಒಂದು ಹೋರಿಯನ್ನೇ ಬಹಳ ಹೊತ್ತು ನೋಡಿದ.

"ಅಯ್ಯೋ, ನಮಗೆಲ್ಲಿ ಮಿಸ್ ಹೆಸ್ಟರ್. ಅಷ್ಟು ದೊಡ್ಡ ಮನೆ ನಮ್ಮಂಥೋರಿಗೆ ಯಾಕೆ?"

"ಸರಿ ಹಾಗಾದ್ರೆ," ಎಂದು ಹೆಸ್ಟರ್ ತಿರುಗಿ ನಡೆದಳು.

ಮನೆ ಸೇರುವಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿತ್ತು. ಅಥವಾ ಹಾಗಂದುಕೊಂಡಳು. ತನ್ನ ಅಜ್ಜಂದಿರ ಕೈಯಿಂದ ಕಿತ್ತುಕೊಂಡ ನೆಲವನ್ನು ಫ್ಯಾಲನ್ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು? ಕದ್ದ ಮಾಲನ್ನು ಕಳೆದುಕೊಂಡವನಿಗೇ ರಿಯಾಯಿತಿ ದರದಲ್ಲಿ ಮಾರಲು ಹೋದವಳು ತಾನು. ಮನೆತನದ ಮೂರ್ಖರ ಸಾಲಿನಲ್ಲಿ ತನ್ನದೂ ಒಂದು ಚಿತ್ರ ತೂಗುಹಾಕಬಹುದು ಎಂದುಕೊಂಡು ನಕ್ಕಳು. ನಗು ಪೂರ್ತಿ ಬರಲಿಲ್ಲ. ಪ್ರಂಟಿಗೆ ಸೋಮವಾರ ಬಾ ಎಂದು ಹೇಳಿಕಳಿಸಿದಳು.

ಶನಿವಾರ ಫಿಲೊಮಿನಾ ಮೊಟ್ಟೆ ಕೊಡುವ ನೆಪದಲ್ಲಿ ಸೈಕಲ್ ಹತ್ತಿ ಬಂದಳು. ಮುಖ ಧುಮುಗುಡುತ್ತಿತ್ತು.

"ಮಿಸ್ ಹೆಸ್ಟರ್, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ನಮ್ಮ ಮಾವ ನಿಮಗೇನು ಅನ್ಯಾಯ ಮಾಡಿದ್ರು?"

"ಮ್ಯಾಲಕಿನಾ? ಏನೂ ಇಲ್ವಲ್ಲ."

"ಮತ್ತೆ ಮನೆ ಕೊಡ್ತೀನಿ ಅಂತ ಆಸೆ ಹುಟ್ಟಿಸಿ ಪ್ರಂಟಿಗೆ ಯಾಕೆ ಹೇಳಿಕಳಿಸಿದ್ರಿ?"

"ನಿಮ್ಮ ಮಾವ ಬೇಡ ಅಂದ್ರು ಫಿಲೊಮಿನಾ. ಕಿವಿಯಾರೆ ಕೇಳಿದೀನಿ."

"ನೀವು ಎಷ್ಟು ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ? ಒಂದು ಸಲ."

ಫಿಲೊಮಿನಾ ಮೊಟ್ಟೆಯ ಬುಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೈಯಲ್ಲಿದ್ದರೆ ಒಡೆಯುವ ಹಾಗಿತ್ತು.

"ಒಂದೇ ಸಲ ಕೇಳಿದ್ರೆ ಮಾನ ಇರೋನು ಯಾರಾದ್ರೂ ಹೂಂ ಅಂತಾನಾ? ನಾನು ಮದುವೆಯಾಗಿ ಬಂದ ದಿನ ಅತ್ತೆ ಟೀ ಕುಡೀತೀಯಾ ಅಂದ್ರು. ಮೊದಲನೇ ಸಲಕ್ಕೇ ಹೂಂ ಅಂದಿದ್ರೆ ಇವತ್ತಿಗೂ ಹೊಟ್ಟೆಬಾಕಿ ಅಂತ ಹೆಸರಿರ್ತಿತ್ತು. ಮೊದಲನೇದು ಬಾಯಿಮಾತಿಗೆ. ಎರಡನೇದು ಮನಸಿಂದ ಕೇಳ್ತಿದಾರಾ ಅಂತ ನೋಡೋಕೆ. ಮೂರನೇದಕ್ಕೆ ಒಪ್ಕೊಳ್ಳೋದು. ನಮ್ಮನೆ ಬೆಕ್ಕಿಗೂ ಗೊತ್ತಿದು."

"ನನಗೆ ಗೊತ್ತಿರಲಿಲ್ಲ."

"ನಿಮ್ಮವರು ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು?"

"ಮುನ್ನೂರು," ಎಂದಳು ಹೆಸ್ಟರ್ ಸಣ್ಣ ದನಿಯಲ್ಲಿ.

"ಚೆನ್ನಾಗಿದೆ," ಎಂದಳು ಫಿಲೊಮಿನಾ. "ನಮ್ಮ ಮಾವ ಅವತ್ತಿಂದ ದಿನಾ ಬೆಳಿಗ್ಗೆ ಗಡ್ಡ ಕೆರ್ಕೊಂಡು, ಚರ್ಚಿಗೆ ಹೋಗೋ ಅಂಗಿ ಹಾಕ್ಕೊಂಡು ಹೋರಿ ನೋಡೋಕೆ ಹೋಗ್ತಿದಾರೆ. ನೀವು ಮತ್ತೆ ಗೇಟಿನ ಹತ್ರ ಬರ್ತೀರಿ ಅಂತ. ಹೋರಿಗಳಿಗೇ ಗಾಬರಿ ಆಗ್ಬಿಟ್ಟಿದೆ."

ಅವಳು ಹೋದ ಮೇಲೆ ಹೆಸ್ಟರ್ ಅಡುಗೆಮನೆಯ ಬೆಂಚಿನ ಮೇಲೆ ಕೂತೇಬಿಟ್ಟಳು. ಗೇಣಿ ಕೊಡಲು ಬರುತ್ತಿದ್ದ ಒಕ್ಕಲುಗಳನ್ನು ಅಮ್ಮ ಪ್ರತಿ ಸಲವೂ ಚಹಾ ಬೇಕೇ ಎಂದು ಕೇಳುತ್ತಿದ್ದಳು. ಹತ್ತು ಮೈಲಿ ನಡೆದು ಬಂದವರು ಬೇಡಮ್ಮ ಎನ್ನುತ್ತಿದ್ದರು. ಅಮ್ಮ ಕೆಟಲನ್ನು ಒಳಗೆ ಕಳಿಸುತ್ತಿದ್ದಳು. ಈ ಸೀಮೆಯ ಜನಕ್ಕೆ ಚಹಾ ಸೇರುವುದಿಲ್ಲ ಎಂದು ಅವಳು ಇಂಗ್ಲೆಂಡಿನ ನೆಂಟರಿಗೆಲ್ಲ ಹೇಳಿದ್ದಳು. ಆ ಜನ ಬಾಯಾರಿಕೊಂಡು ವಾಪಸು ಹೋಗುವಾಗ ಹ್ಯಾಕ್‌ವೆಲ್‌ಗಳ ಬಗ್ಗೆ ಏನೇನು ಹೇಳಿರಬಹುದು ಎಂದು ಹೆಸ್ಟರ್ ಮೊದಲ ಬಾರಿಗೆ ಯೋಚಿಸಿದಳು.

ಇನ್ನೊಂದು ನೆನಪೂ ಬಂತು. ಅದನ್ನು ಅವಳು ಕರೆದಿರಲಿಲ್ಲ. ಹತ್ತೊಂಬತ್ತರ ವಯಸ್ಸು, ಸುಗ್ಗಿ ಮುಗಿದ ದಿನ, ಕಣದಲ್ಲಿ ಪಿಟೀಲು ಬಾರಿಸುತ್ತಿದ್ದರು. ಹೆಸ್ಟರ್ ಇಡೀ ವರ್ಷದ ಧೈರ್ಯ ಕೂಡಿಹಾಕಿಕೊಂಡು ಮ್ಯಾಲಕಿ ಫ್ಯಾಲನ್ ಎಂಬ ತೆಳ್ಳಗಿನ ಹುಡುಗನ ಎದುರು ನಿಂತು ನನ್ನ ಜೊತೆ ಕುಣಿಯುತ್ತೀಯಾ ಎಂದು ಕೇಳಿದ್ದಳು. ಅವನು ಕಿವಿ ಕೆಂಪಗೆ ಮಾಡಿಕೊಂಡು, ಅಯ್ಯೋ ನಾನೆಲ್ಲಿ ಮಿಸ್ ಎಂದಿದ್ದ. ಅವಳು ಸರಿ ಹಾಗಾದರೆ ಎಂದು ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತಿದ್ದಳು. ನಾಲ್ಕು ದಶಕ ಅದನ್ನು ತನ್ನ ದೊಡ್ಡ ಮೂಗಿನ ತಪ್ಪು ಎಂದುಕೊಂಡೇ ಬದುಕಿದ್ದಳು. ಈಗ ಅವಳಿಗೆ ನಗುವೂ ಬಂತು, ಮೂಗನ್ನು ಸುಮ್ಮನೆ ಬೈದೆನಲ್ಲ ಎಂಬ ಸಂಕಟವೂ ಬಂತು, ಎರಡೂ ಒಟ್ಟಿಗೇ ಬಂದು ಸೆರಗಿಲ್ಲದ ಆ ಹೆಂಗಸು ಕೈಗೆ ಸಿಕ್ಕ ಪಾತ್ರೆ ಒರೆಸುವ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಲಾಳದಜ್ಜನ ಚಿತ್ರದ ಮುಂದೆ ನಿಂತು ಅಭ್ಯಾಸ ಮಾಡಿದಳು. ಮನೆ ತಗೊಳ್ತೀಯಾ? ತಗೊಳ್ಳೋ. ತಗೊಳ್ಳಪ್ಪ. ಮೂರನೆಯ ಸಲ ಕೇಳುವಾಗ ನಾಲಿಗೆ ಒಣಗಿತು. ಬೇಡ ಎಂದವನನ್ನು ಮತ್ತೆ ಕೇಳುವುದೆಂದರೆ ಅವಳಿಗೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಹಾಗೆ. ಅಜ್ಜ ಕತ್ತಿ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದ. ಅವನಂತೂ ಯಾರನ್ನೂ ಏನನ್ನೂ ಕೇಳಿದವನಲ್ಲ.

ಮಧ್ಯಾಹ್ನ ಫ್ಯಾಲನ್‌ಗಳ ಮನೆಗೆ ಹೋದಾಗ ಮ್ಯಾಲಕಿ ಒಲೆಯ ಪಕ್ಕ ಕೂತಿದ್ದ. ಗಡ್ಡ ಕೆರೆದುಕೊಂಡಿದ್ದ ಗಲ್ಲ ಹೊಳೆಯುತ್ತಿತ್ತು. ಮಗ ಮಕ್ಕಳನ್ನು ಕರೆದುಕೊಂಡು ಚೆಂಡಾಟ ನೋಡಲು ಹೋಗಿದ್ದ. ಫಿಲೊಮಿನಾ ಕೆಟಲ್ ಇಟ್ಟಳು.

"ಟೀ ಕುಡೀತೀರಾ ಮಿಸ್ ಹೆಸ್ಟರ್?"

"ಬೇಡ ಬೇಡ, ಖಂಡಿತ ಬೇಡ," ಎಂದಳು ಹೆಸ್ಟರ್, ಪಾಠ ಒಪ್ಪಿಸುವವಳ ಹಾಗೆ. ಫಿಲೊಮಿನಾ ತುಟಿ ಕಚ್ಚಿ ನಗು ತಡೆದಳು. ಇನ್ನೆರಡು ಸಲ ಕೇಳಿ ಲೋಟ ಕೈಗಿಟ್ಟಳು.

ಹೆಸ್ಟರ್ ಹವೆಯ ಮಾತಾಡಿದಳು. ಹೋರಿಗಳ ಮಾತಾಡಿದಳು. ಯಾರು ಸತ್ತರು ಎಂದು ಕೇಳಿದಳು. ಆ ವಾರ ಯಾರೂ ಸತ್ತಿರಲಿಲ್ಲ, ಹಾಗಾಗಿ ಹೋದ ತಿಂಗಳು ಸತ್ತವನ ಮಾತೇ ಇನ್ನೊಮ್ಮೆ ಆಯಿತು. ಹೊರಡುವವಳ ಹಾಗೆ ಎದ್ದು ನಿಂತು, ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮ್ಯಾಲಕಿ, ಆ ಮನೆ ವಿಷಯ. ನೀನೇ ತಗೋಬೇಕು ಅಂತ ನನ್ನಾಸೆ."

"ಅಯ್ಯೋ, ಬಿಡಿ ಮಿಸ್ ಹೆಸ್ಟರ್. ಜನ ಏನಂತಾರೆ? ಫ್ಯಾಲನ್‌ಗೆ ದೊಡ್ಡಸ್ತಿಕೆ ಬಂತು ಅಂತಾರೆ."

ಅವಳ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಫಿಲೊಮಿನಾ ಕಣ್ಣಲ್ಲೇ ಅದನ್ನು ತಡೆದಳು.

"ಜನ ಅಂದ್ರೆ ಅನ್ಲಿ. ಪ್ರಂಟಿ ನಾಳೆ ಬರ್ತಾನೆ. ಅವನು ಛಾವಣಿ ಕೀಳ್ತಾನೆ. ನೀನು ಒಲೆ ಹಚ್ತೀಯ. ತಗೊಳ್ಳೋ ಮ್ಯಾಲಕಿ."

ಮ್ಯಾಲಕಿ ಒಲೆಯ ಬೆಂಕಿ ಕೆದಕಿದ. 

"ನೀವು ಇಷ್ಟೊಂದು ಹೇಳ್ತೀರಿ ಅಂದ್ಮೇಲೆ," ಎಂದ, "ಆಯ್ತು. ತಗೊಳ್ತೀನಿ."

ಫಿಲೊಮಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಹೆಸ್ಟರ್ ಧೊಪ್ಪನೆ ಮತ್ತೆ ಕೂತಳು. ಮ್ಯಾಲಕಿಗೆ ಈಗ ಮಾತು ಸಲೀಸಾಯಿತು.

"ಒಂದು ವಿಷಯ ಹೇಳ್ಬಿಡ್ತೀನಿ. ಕೊಂಡ್ಮೇಲೆ ಹೇಳಿದ್ರೆ ಸರಿಯಲ್ಲ. ಅವತ್ತು ಪೆಟ್ರೋಲ್ ತಂದ ಮೂವರಲ್ಲಿ ನಾನೂ ಒಬ್ಬ."

"ಗೊತ್ತು," ಎಂದಳು ಹೆಸ್ಟರ್. "ಕಿವಿ ಕಾಣ್ತಿತ್ತು."

"ನಿಮ್ಮಪ್ಪ ಮಲಗೋ ಅಂಗೀಲೇ ಬಂದು ವಿಸ್ಕಿ ತಗೊಳ್ತೀರಾ ಅಂದ್ರು. ನಾವು ಬೇಡ ಅಂದ್ವಿ. ಅವರು ಬಾಟ್ಲಿ ಬೀರುವಲ್ಲಿಟ್ಟು ಬೀಗ ಹಾಕ್ಬಿಟ್ರು. ಇನ್ನೊಂದೆರಡು ಸಲ ಕೇಳಿದ್ರೆ ಕುಡ್ದು ಸುಮ್ನೆ ಮನೆಗೆ ಹೋಗ್ತಿದ್ವಿ. ಆ ಬೀಗ ನೋಡಿ ಸಿಟ್ಟು ಬಂದು ಕಡ್ಡಿ ಗೀರಿದ್ದು."

ಮೂವರೂ ನಕ್ಕರು. ಹೆಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆ ಉಳಿಯಿತು ಎಂದು ಅವಳ ಎದೆ ಹಗುರಾಗಿತ್ತು.

ಮ್ಯಾಲಕಿ ನಗು ನಿಲ್ಲಿಸಿ ಟೋಪಿ ಸರಿಮಾಡಿಕೊಂಡ. "ನೀವೂ ಎಲ್ಲಿಗೂ ಹೋಗೋದು ಬೇಡ ಮಿಸ್ ಹೆಸ್ಟರ್. ಬಿಸಿಲು ಬರೋ ಹಿಂದಿನ ಎರಡು ಕೋಣೆ ನಿಮ್ಗೇ ಇರ್ಲಿ. ನಮ್ಮ ಜೊತೇಲೇ ಇದ್ಬಿಡಿ. ಇರ್ತೀರಾ?"

 ಹೂಂ ಎಂಬ ಮಾತು ಹೆಸ್ಟರಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊಸದಾಗಿ ಕಲಿತ ಜಾಣತನ ಅಡ್ಡ ಬಂತು. ಮುನ್ನೂರು ವರ್ಷದ ಒರಟುತನವನ್ನು ಒಂದೇ ಏಟಿಗೆ ತೊಳೆದುಬಿಡುವವಳ ಹಾಗೆ ಅವಳು ತಲೆಯನ್ನು ಓರೆ ಮಾಡಿ, ಮೆತ್ತಗೆ ಹೇಳಿದಳು.

"ಅಯ್ಯೋ ಬೇಡಪ್ಪ. ನಿಮಗೆ ಯಾಕೆ ನನ್ನಿಂದ ತೊಂದರೆ?"

ಎಷ್ಟು ಚೆನ್ನಾಗಿ ಬಂತು ಎಂದು ಅವಳಿಗೇ ಹೆಮ್ಮೆಯಾಯಿತು. ಮುಂದಿನ ಸಲಕ್ಕೆ ಕಾದಳು.

ಮ್ಯಾಲಕಿ ಅವಳ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. ನಿಧಾನವಾಗಿ ತಲೆಯಾಡಿಸಿದ.

"ಸರಿ ಮಿಸ್ ಹೆಸ್ಟರ್. ನಿಮ್ಮ ಜನ ನಮ್ಮ ಹಾಗಲ್ಲ. ನಿಮ್ಮದು ಒಂದು ಮಾತು ಅಂದ್ರೆ ಒಂದೇ ಮಾತು. ಬಲವಂತ ಮಾಡೋದು ಮರ್ಯಾದೆ ಅಲ್ಲ."

ಆಮೇಲೆ ಅವನು ಪೈಪಿಗೆ ಹೊಗೆಸೊಪ್ಪು ತುಂಬತೊಡಗಿದ. ಚೆಲ್ಟನ್‌ಹ್ಯಾಮ್‌ಗೆ ಹೋಗಲು ಹಡಗು ಯಾವ ಊರಿಂದ ಹೊರಡುತ್ತದೆ ಎಂದು ಕೇಳಿದ. ಹೆಸ್ಟರ್ ಏನೋ ಉತ್ತರ ಕೊಟ್ಟಳು. ಫಿಲೊಮಿನಾ ಕೆಟಲ್ ಹಿಡಿದವಳು ಹಿಡಿದ ಹಾಗೇ ನಿಂತಿದ್ದಳು. ಹಿರಿಯರ ಮಾತಿಗೆ ಎಷ್ಟು ಬಾಯಿ ಹಾಕಬಹುದೋ ಅಷ್ಟನ್ನು ಅವಳು ಆಗಲೇ ಹಾಕಿಯಾಗಿತ್ತು.

 ಇನ್ನೊಂದು ಸಲ ಕೇಳಲಿ, ದೇವರೇ, ಇನ್ನೊಂದೇ ಒಂದು ಸಲ ಕೇಳಲಿ ಎಂದು ಹೆಸ್ಟರ್ ಒಳಗೇ ಬೇಡಿಕೊಳ್ಳುತ್ತಿದ್ದಳು. ಬೇಕು ಎಂಬುದನ್ನು ಬೇಡ ಎಂದು ಹೇಳಿ, ಎದುರಿನವರ ಮುಖ ನೋಡುತ್ತಾ ಕೂರುವುದು ಹೇಗಿರುತ್ತದೆ ಎಂದು ಅವಳಿಗೆ ಈಗ ಗೊತ್ತಾಯಿತು. ಅವಳ ಮನೆಯ ಹಜಾರದಲ್ಲಿ, ಟೋಪಿ ಕೈಯಲ್ಲಿ ಹಿಡಿದು, ತಲೆಮಾರುಗಟ್ಟಲೆ ಜನ ಹೀಗೇ ನಿಂತಿದ್ದರು. ಯಾರೂ ಅವರನ್ನು ಎರಡನೆಯ ಸಲ ಕೇಳಿರಲಿಲ್ಲ.

ಮ್ಯಾಲಕಿ ಪೈಪು ಹಚ್ಚಿಕೊಂಡ. ಮಾತು ಮತ್ತೆ ಹೋರಿಗಳ ಕಡೆಗೆ ಹೊರಟಿತ್ತು.

"ಮ್ಯಾಲಕಿ," ಎಂದಳು ಹೆಸ್ಟರ್. ದನಿ ಒಡೆದು ಹೊರಬಂತು. "ಇನ್ನೊಂದು ಸಲ ಕೇಳು."

"ಏನನ್ನ?"

"ಈಗ ಕೇಳಿದ್ಯಲ್ಲ, ಅದನ್ನೇ. ನನ್ನನ್ನ ಇನ್ನೊಂದು ಸಲ ಕೇಳು."

ಅವನು ಪೈಪನ್ನು ಬಾಯಿಂದ ತೆಗೆದು ಒಲೆಕಟ್ಟೆಯ ಮೇಲಿಟ್ಟ. ಟೋಪಿಯನ್ನೂ ತೆಗೆದ. ಮೊದಲು ಕೇಳಿಯೇ ಇಲ್ಲವೇನೋ ಎಂಬ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದ.

"ಮಿಸ್ ಹೆಸ್ಟರ್, ನಮ್ಮ ಜೊತೆ ಇಲ್ಲೇ ಇರ್ತೀರಾ?"

"ಇರ್ತೀನಿ," ಎಂದಳು. ಮೂರನೆಯ ಸಲಕ್ಕೆ ಕಾಯುವಷ್ಟು ಧೈರ್ಯ ಅವಳಲ್ಲಿ ಇರಲಿಲ್ಲ.